ನನ್ನ ನಂಬರಿನ ಒಂದು ಅಭಿಪ್ರಾಯ

‘ಈ ಸಂಖ್ಯೆಯಿಂದ ಈಗಾಗಲೇ ಅಭಿಪ್ರಾಯ ಬಂದಿದೆ, ಧನ್ಯವಾದಗಳು’ ಎಂದು ನನ್ನ ಮೊಬೈಲ್ ತೋರಿಸಿತು. ಸಂಬಂಧಿಕರ ಕೂಸು ನೋಡಲು ರಾಯಚೂರಿನ ಆಸ್ಪತ್ರೆಯೊಂದಕ್ಕೆ ಹೋಗಿದ್ದೆ. ಪಕ್ಕದಲ್ಲಿ ನಿಂತಿದ್ದವಳು ಹಿರೇಕೊಟ್ನೆಕಲ್ಲಿನ ಹುಲಿಗೆಮ್ಮ. ಹೆರಿಗೆಯಾದ ಅವಳ ಮಗಳಿಗೆ ಎರಡು ದಿನದಿಂದ ಮಂಚ ಸಿಕ್ಕಿರಲಿಲ್ಲ; ಬಾಣಂತಿ, ಕೂಸು ಇಬ್ಬರೂ ನೆಲದ ಮೇಲೆಯೇ ಮಲಗಿದ್ದರು. ಗೋಡೆಗೆ ಅಂಟಿಸಿದ್ದ ‘ನಿಮ್ಮ ಅಭಿಪ್ರಾಯ ತಿಳಿಸಿ’ ಎಂಬ ಚೀಟಿಯನ್ನು ಯಾರೋ ಅವಳಿಗೆ ಓದಿ ಹೇಳಿದ್ದರಂತೆ. ತನ್ನ ಹತ್ತಿರ ಮೊಬೈಲ್ ಇಲ್ಲ, ನಿಮ್ಮದರಲ್ಲಿ ಬರೆದು ಕಳಿಸಿ ಎಂದು ನನ್ನನ್ನು ಕೇಳಿದ್ದಳು.

ಕೌಂಟರಿನವನನ್ನು ವಿಚಾರಿಸಿದೆ. ತಲೆ ಎತ್ತದೆಯೇ, “ಒಂದು ನಂಬರಿಗೆ ಒಂದ ಸಲ ರೀ ಮೇಡಂ. ಕಳ್ಳ ಓಟು ಬೀಳಬಾರ್ದು ಅಂತ ಹಂಗ ಮಾಡ್ಯಾರ” ಎಂದ.

ಆಗ ನೆನಪಾಯಿತು. ಹೋದ ವಾರ ಬಿ.ಪಿ. ಗುಳಿಗೆ ಒಯ್ಯಲು ಇದೇ ಆಸ್ಪತ್ರೆಗೆ ಬಂದಾಗ ಐದು ಸ್ಟಾರ್ ಒತ್ತಿಬಿಡಿ ಎಂದು ನನ್ನ ಕೈಯಲ್ಲಿ ಒತ್ತಿಸಿದವನು ಇವನೇ. ಮಾನ್ವಿ ಬಸ್ಸಿನ ಅವಸರದಲ್ಲಿದ್ದೆ. ವಾರ್ಡಿನೊಳಗೆ ಇಣುಕಿ ಕೂಡ ನೋಡದೆ ಮಂಚಕ್ಕೆ, ನೀರಿಗೆ, ಸ್ವಚ್ಛತೆಗೆ, ಎಲ್ಲಕ್ಕೂ ಐದೈದು ಒತ್ತಿದ್ದೆ.

ನನ್ನ ನಂಬರಿನಿಂದ ಆಗಲೇ ಹೋಗಿದೆಯಂತೆ ಎಂದಷ್ಟೇ ಹುಲಿಗೆಮ್ಮನಿಗೆ ಹೇಳಿದೆ. ಅವಳ ಮುಖ ಅರಳಿತು. “ಹಂಗಾರ ನೀವು ಮೊದಲೇ ಹೇಳೀರಿ ಬಿಡ್ರಿ ಅಕ್ಕಾರ. ಕಲ್ತವ್ರು ಹೇಳಿದ್ರ ಕೇಳ್ತಾರ” ಎಂದು ಕೈ ಮುಗಿದಳು.

ನಾನೂ ಕೈ ಮುಗಿದು, ಮೊಬೈಲನ್ನು ಬ್ಯಾಗಿಗೆ ಹಾಕಿಕೊಂಡೆ. ಕಳ್ಳ ಓಟು ಬೀಳದಂತೆ ಕಾಯುವ ಆ ವ್ಯವಸ್ಥೆಯೊಳಗೆ ನನ್ನದು ಇನ್ನೂ ಭದ್ರವಾಗಿದೆ.