ದನಿಯಿಲ್ಲದೆ ಮಲ್ಲಯ್ಯನ ಕೆರೆ ಸುತ್ತಿದ ದಿನ

ಹೋದ ವರ್ಷ ಯುಗಾದಿ ಕಳೆದ ವಾರ ನನ್ನ ಕೊರಳಿನ ಗಂಟು ತೆಗೆದರು. ಗಂಟಿನ ಕೂಡ ದನಿಯೂ ಹೋಯಿತು. ಹೀಗಾಗಬಹುದು ಅಂತ ಡಾಕ್ಟರ್ ಮೊದಲೇ ಹೇಳಿದ್ದರು, ಕಾಗದಕ್ಕೆ ಸಹಿ ಮಾಡಿದವಳು ನಾನೇ. ಯಾರ ತಪ್ಪೂ ಇಲ್ಲ. "ದನಿಯ ನರ ಸೋತಿದೆ. ಆರು ತಿಂಗಳಿಗೆ ಬರಬಹುದು, ವರ್ಷಕ್ಕೆ ಬರಬಹುದು, ಬರದೆಯೂ ಇರಬಹುದು" ಅಂದರು.

ನಾನು ಗಂಗಮ್ಮ, ಸಿಂಧನೂರಿನವಳು, ಬಸ್ ಕಂಡಕ್ಟರ್. ಹನ್ನೊಂದು ವರ್ಷ ಮಸ್ಕಿ, ಲಿಂಗಸುಗೂರು ರೂಟಿನಲ್ಲೇ ತಿರುಗಿದೆ. ನಾಟಿ ದಿನಗಳಲ್ಲಿ ಬಳಗಾನೂರು ಕಡೆಯ ಹೆಣ್ಣುಮಕ್ಕಳು ಹತ್ತಿದರೆ ಬಸ್ಸೆಲ್ಲ ಸಂತೆ. ಆ ಗದ್ದಲದ ಮೇಲೂ ನನ್ನ ಮಾತು ಹಿಂದಿನ ಸೀಟಿಗೆ ಮುಟ್ಟುತ್ತಿತ್ತು. ಈಗ ಬಾಯಿ ತೆರೆದರೆ ಬರೀ ಗಾಳಿ. ಡಿಪೋದಲ್ಲಿ ದಯೆ ತೋರಿ ಕಾಗದ ಬರೆಯುವ ಕೆಲಸಕ್ಕೆ ಕೂರಿಸಿದರು. ಮನೆಗೆ ಯಾರಾದರೂ ಬಂದರೆ ನಾನು ಅಡುಗೆಮನೆ ಸೇರುತ್ತಿದ್ದೆ. ನನ್ನ ಗಂಡ ಬಸವರಾಜ ಬಾಯಿ ಹತ್ತಿರ ಕಿವಿ ತಂದು ಕೇಳುತ್ತಿದ್ದ. ಆತನಿಗೆ ತ್ರಾಸು ಯಾಕೆ ಅಂತ ಕ್ರಮೇಣ ಅದನ್ನೂ ಬಿಟ್ಟೆ.

ಎಂಟು ತಿಂಗಳಾದರೂ ಸುಧಾರಣೆ ಕಾಣಲಿಲ್ಲ. ಗುರುಗುಂಟಾದ ಆಚೆ ಗುಡ್ಡಗಳ ನಡುವೆ ಮಲ್ಲಯ್ಯನ ಕೆರೆ ಇದೆ. ಹರಕೆ ಹೊತ್ತವರು ಅದನ್ನು ಒಂದು ಸುತ್ತು ಬರುತ್ತಾರೆ ಅಂತ ಪ್ರಯಾಣಿಕರ ಬಾಯಲ್ಲಿ ಎಷ್ಟೋ ಸಲ ಕೇಳಿದ್ದೆ, ನೋಡಿರಲಿಲ್ಲ. ಕಾರ್ತಿಕದ ಒಂದು ಸೋಮವಾರ ರಜೆ ಹಾಕಿದೆ.

"ತಡಿ, ನಾನೂ ಬರ್ತೀನಿ. ಗುಡ್ಡದಾಗ ಒಬ್ಬಾಕಿ ಹೆಂಗ ಹೋಗ್ತಿ?" ಅಂದ ಬಸವರಾಜ.

ಜೊತೆಗೆ ಬಂದವರು ಮಾತಾಡಿಸುತ್ತಾರೆ, ಉತ್ತರ ಕೊಡಲಾಗದ ಸಂಕಟ ನನಗೆ. ಕ್ಯಾಲೆಂಡರಿನ ಹಿಂದೆ ಬರೆದು ತೋರಿಸಿದೆ: ಒಬ್ಬಾಕಿನೇ ಹೋಗ್ತೀನಿ. ಆತ ಎರಡು ಬಾಟಲಿ ನೀರು ತುಂಬಿ ಚೀಲಕ್ಕಿಟ್ಟ.

ಆರರ ಬಸ್ಸಿಗೆ ಲಿಂಗಸುಗೂರು, ಅಲ್ಲಿಂದ ಟಂಟಂ ಆಟೋ, ಆಮೇಲೆ ಒಂದು ಫರ್ಲಾಂಗು ನಡಿಗೆ. ಕೆರೆ ತುಂಬಿತ್ತು. ಮಲ್ಲಯ್ಯನ ಗುಡಿ ಅಂದರೆ ದಂಡೆಯ ಮೇಲೆ ಮೂರು ಕಲ್ಲಿನ ಗೂಡು, ಅಷ್ಟೇ. ಪೂಜಾರಪ್ಪ ವಿಭೂತಿ ಕೊಟ್ಟು, "ನೀರು ಬಲಕ್ಕಿರಲಿ, ಯವ್ವ. ಮೂರು ತಾಸಿನಾಗ ಬಂದ್ಬಿಡ್ತಿ" ಅಂದ.

ಅರ್ಧ ದಾರಿ ಸುಸೂತ್ರ ಹೋಯಿತು. ಕೆರೆಯ ಹಿಂಭಾಗದಲ್ಲಿ ನೀರು ಒಂದು ಕೊಳ್ಳದೊಳಗೆ ಸೇರಿ ದಂಡೆ ಮುಗಿಯಿತು. ದಾರಿ ಗುಡ್ಡ ಹತ್ತಿತು. ಮಳೆಗಾಲದ ಹುಲ್ಲು ಎದೆಮಟ್ಟ ಬೆಳೆದಿತ್ತು, ಅದರೊಳಗೆ ಕುರಿ ತುಳಿದ ಜಾಡು ನಾಲ್ಕಾರು. ಒಂದನ್ನು ಹಿಡಿದೆ. ತುದಿಗೆ ಬಂಡೆ. ತಿರುಗಿ ಬಂದು ಇನ್ನೊಂದನ್ನು ಹಿಡಿದೆ. ಕಡೆಗೆ ಬಂದ ಜಾಡೂ ಸಿಗಲಿಲ್ಲ, ಯಾವ ದಿಕ್ಕಿಗೆ ನೋಡಿದರೂ ನೀರು ಕಾಣಲಿಲ್ಲ. ಮೊಬೈಲಿಗೆ ಸಿಗ್ನಲ್ ಇಲ್ಲ. ಮಧ್ಯಾಹ್ನ ಒಂದು ಗಂಟೆಯ ಹೊತ್ತಿಗೆ ಮೊದಲ ಬಾಟಲಿ ಮುಗಿಯಿತು.

ಬೇರೆ ಯಾರಾದರೂ ಆಗಿದ್ದರೆ ಕೂಗುತ್ತಿದ್ದರು. ನಾನೂ ಬಂಡೆ ಹತ್ತಿ ಹೊಟ್ಟೆಯಿಂದ ಜೋರು ಮಾಡಿದೆ. ಗಾಳಿ ಬಂತು, ಕೆಮ್ಮು ಬಂತು. ಬಸ್ಸಿನ ಡ್ಯೂಟಿಯ ಆ ದಿನಗಳಾಗಿದ್ದರೆ ಕೊರಳಲ್ಲಿ ಊದುವ ಸೀಟಿಯಾದರೂ ಇರುತ್ತಿತ್ತು. ಅದು ಮನೆಯ ಮೊಳೆಗೆ ನೇತಾಡುತ್ತಿತ್ತು. ಬಂಡೆಯ ನೆರಳಿಗೆ ಕೂತು ಅತ್ತೆ. ಅಳುವುದಕ್ಕೂ ಸದ್ದಿರಲಿಲ್ಲ. ಮನಸ್ಸಿನಲ್ಲೇ ಬೇಡಿದೆ: ಮಲ್ಲಯ್ಯ, ದನಿ ಕೇಳಾಕ ಬಂದಿದ್ದೆ, ಅದು ಹೋಗಲಿ ಬಿಡು. ಒಬ್ಬರನ್ನರ ಕಳಿಸು.

ಸ್ವಲ್ಪ ಹೊತ್ತಿಗೆ ಕೆಳಗಿನಿಂದ ಹೆಂಗಸಿನ ದನಿ ಬಂತು. "ಯಾರರ ಅದೀರೇನ್ರೀ... ಕಾಲು ಮುರದೈತ್ರೀ..."

ನನ್ನನ್ನು ಹುಡುಕಿ ಬಂದವರ ದನಿಯಲ್ಲ ಅದು. ನನಗಿಂತ ಕಷ್ಟದಲ್ಲಿದ್ದವರದ್ದು. ಬಂದೆ ಅನ್ನಲು ಬಾಯಿಲ್ಲ. ಎರಡು ಕಲ್ಲು ಎತ್ತಿಕೊಂಡು ಒಂದಕ್ಕೊಂದು ಬಡಿದೆ.

ಆ ದನಿ, "ಮತ್ತ ಬಡೀರಿ" ಅಂತು. ಬಡಿದೆ. "ಎಡಕ್ಕ ಇಳೀರಿ. ದೊಡ್ಡ ಬಂಡೆ ಸುತ್ತಿ ಬರ್ರಿ." ಬಡಿಯುತ್ತ, ಕೇಳುತ್ತ, ಕೂತು ಜಾರುತ್ತ ಇಳಿದೆ.

ಎರಡು ಬಂಡೆಗಳ ಸಂದಿಯಲ್ಲಿ ಅರವತ್ತು ದಾಟಿದ ಹೆಂಗಸು, ಹೆಸರು ಯಲ್ಲಮ್ಮ. ಬೆಳಿಗ್ಗೆ ಸೀತಾಫಲ ಕೀಳಲು ಬಂದು ಜಾರಿದ್ದಳು. ಎಡಗಾಲು ಮೊಣಕಾಲಿನ ಕೆಳಗೆ ಊದಿ ಹೊರಳಿತ್ತು. ಉಳಿದ ಬಾಟಲಿ ಕೊಟ್ಟೆ. ಅರ್ಧ ಕುಡಿದು ಅರ್ಧ ತಿರುಗಿ ಕೊಟ್ಟಳು.

"ಮಾತು ಬರಂಗಿಲ್ಲೇನು ತಂಗಿ?"

ಕೊರಳಿನ ಗಾಯ ತೋರಿಸಿದೆ, ದಾರಿ ತಪ್ಪಿದ್ದನ್ನು ಕೈಸನ್ನೆಯಲ್ಲಿ ಹೇಳಿದೆ. ಅಷ್ಟು ನೋವಿನಲ್ಲೂ ಆಕೆ ನಕ್ಕಳು. "ನಾ ಹುಟ್ಟಿದಾಗಿಂದ ಈ ಗುಡ್ಡ ತುಳದೀನಿ. ನೀ ನನ್ನ ಹಿಡಕೊ, ನಾ ದಾರಿ ಹೇಳ್ತೀನಿ."

ಎರಡು ಕಟ್ಟಿಗೆ ಇಟ್ಟು ನನ್ನ ವೇಲಿನಿಂದ ಕಾಲು ಬಿಗಿದೆ. ಆಕೆಯ ತೋಳು ನನ್ನ ಹೆಗಲಿಗೆ. ಹತ್ತು ಹೆಜ್ಜೆ, ಕೂರುವುದು, ಮತ್ತೆ ಹತ್ತು. ನೋವು ಹೆಚ್ಚಾದಾಗ ಆಕೆ ಕಣ್ಣು ಮುಚ್ಚುತ್ತಿದ್ದಳು, ಆದರೆ ದಾರಿ ಹೇಳುವುದನ್ನು ಬಿಡಲಿಲ್ಲ. ಎಂಟು ತಿಂಗಳಲ್ಲಿ ಮೊದಲ ಸಲ ನನ್ನ ಕೊರಳಿನ ನೆನಪೇ ನನಗಿರಲಿಲ್ಲ. ನಾಲ್ಕರ ಸುಮಾರಿಗೆ ಒಂದು ತಿರುವಿನಲ್ಲಿ ನೀರು ಕಂಡಿತು.

ದಂಡೆಯಲ್ಲಿ ಮೀನಿನ ಬಲೆ ಎಳೆಯುತ್ತಿದ್ದ ಇಬ್ಬರು ಓಡಿ ಬಂದರು. ಅವರದೇ ಗೂಡ್ಸ್ ಆಟೋದಲ್ಲಿ ಬಲೆಯ ಮೇಲೆ ಯಲ್ಲಮ್ಮನನ್ನು ಮಲಗಿಸಿ ಲಿಂಗಸುಗೂರಿನ ಆಸ್ಪತ್ರೆಗೆ ತಂದೆವು. ಎಕ್ಸರೇಗೆ ಒಳಗೊಯ್ದರು. ನರ್ಸಮ್ಮ ಚೀಟಿ ಹಿಡಿದು, "ಪೇಷಂಟ್ ಜೊತೆಗ ಯಾರು ಬಂದೀರಿ? ಹೆಸರು ಹೇಳ್ರಿ" ಅಂದಳು.

ಪೆನ್ನಿಗೆ ಕೈ ಚಾಚಬೇಕಿತ್ತು. ಎರಡೂ ಕೈಯಲ್ಲಿ ಯಲ್ಲಮ್ಮನ ಚಪ್ಪಲಿ, ಚೀಲ ಇದ್ದವು. ಬಾಯಿ ತೆರೆದೆ. "ಗಂಗಮ್ಮ" ಅಂತ ಬಂತು. ಒಡಕಲು, ಕಾಗೆಯ ದನಿ, ಆದರೆ ದನಿ. ನರ್ಸಮ್ಮ ತಲೆ ಎತ್ತದೆ ಬರೆದುಕೊಂಡಳು. ನಾನು ಗೋಡೆಗೆ ಒರಗಿ ನಿಂತೆ.

ಆಸ್ಪತ್ರೆಯಿಂದ ಫೋನ್ ಹೋಗಿ, ಸಂಜೆ ಯಲ್ಲಮ್ಮನ ಮಗ ಬಂದ, ಬಸವರಾಜನೂ ಬಂದ. ಆತನಿಗೆ ಹೇಳಲು ಹೋದರೆ ಮತ್ತೆ ಗಾಳಿ. ಆದರೂ ನನಗೆ ಭಯವಾಗಲಿಲ್ಲ. ದಿನಕ್ಕೆ ಒಂದು ಮಾತು, ಎರಡು ಮಾತು, ಹೀಗೆ ಮಾಘದ ಹೊತ್ತಿಗೆ ದನಿ ಪೂರ್ತಿ ಮರಳಿತು. ಮೊದಲಿಗಿಂತ ದಪ್ಪಗಿದೆ. "ಕೆಲವರಿಗೆ ನರ ತಾನಾಗಿ ಎಚ್ಚರಾಗತದ" ಅಂದರು ಡಾಕ್ಟರ್. ಅವರು ಹೇಳಿದ್ದು ನಿಜವೇ. ಅದನ್ನು ಎಬ್ಬಿಸಿದವನು ಯಾರು ಅಂತ ನನಗೆ ಗೊತ್ತು, ಅವರ ಹತ್ತಿರ ವಾದ ಮಾಡಲಿಲ್ಲ.

ಶಿವರಾತ್ರಿ ಮುಗಿದ ಸೋಮವಾರ ಬಸವರಾಜನನ್ನು ಕರೆದುಕೊಂಡು ಮತ್ತೆ ಹೋದೆ. ಯಲ್ಲಮ್ಮ ಕೋಲು ಹಿಡಿದು ಮಗನ ಬೈಕಿನಲ್ಲಿ ಬಂದಿದ್ದಳು. ಬಸವರಾಜ ಆಕೆಯ ಜೊತೆ ಗುಡಿ ಹತ್ತಿರ ಕೂತ. ಆಕೆ ಹೇಳಿಕೊಟ್ಟ ಜಾಡಿನಲ್ಲಿ ನಾನೊಬ್ಬಳೇ ಹೊರಟೆ. ಹುಲ್ಲು ಒಣಗಿ ದಾರಿ ನಿಚ್ಚಳ ಕಾಣುತ್ತಿತ್ತು. ಕೊಳ್ಳ ದಾಟಿ ಆಚೆ ದಂಡೆಗೆ ಬಂದಾಗ ನೀರಿನ ಆ ಕಡೆ ಗುಡಿ ಹತ್ತಿರ ಅವರಿಬ್ಬರೂ ಸಣ್ಣಗೆ ಕಂಡರು. ಅಲ್ಲಿಂದಲೇ "ಯಲ್ಲಮ್ಮತ್ತೀ" ಅಂತ ಕರೆದೆ.

ನೀರಿನ ಮೇಲಿಂದ ಉತ್ತರ ಬಂತು. "ಕೇಳಿಸ್ತು ಬಾರವ್ವ. ನಿನ್ನ ಗಂಡ ಅಳಾಕತ್ಯಾನ."

ಮಲ್ಲಯ್ಯನನ್ನು ನಂಬಿದ ನನ್ನ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಆತ ನನಗೆ ಮೊದಲು ಯಲ್ಲಮ್ಮನನ್ನು ಕೊಟ್ಟ, ಆಮೇಲೆ ದನಿ ಕೊಟ್ಟ. ಎರಡಕ್ಕೂ ಶರಣು ಶರಣಾರ್ಥಿ.