ಕೆಂಪು ದೋಣಿಯ ಮೇಲಿನ ಕೈ

ಅಣ್ಣ ನೀರಿನಲ್ಲಿ ಹೋದ ಎಂದೇ ಎಲ್ಲರೂ ಅಂದುಕೊಳ್ಳುತ್ತಾರೆ. ಇಲ್ಲ, ಜ್ವರದಲ್ಲಿ ಹೋದ. ಅವನ ಫೈಬರ್ ಹಾಯಿದೋಣಿ ಮಾತ್ರ ಕೆರೆದಂಡೆಯ ಕ್ಲಬ್ಬಿನಲ್ಲಿ ಬೋರಲು ಬಿದ್ದುಕೊಂಡು ಹೈದರಾಬಾದಿನ ನಾಲ್ಕು ಬೇಸಿಗೆ ಕಂಡಿತು.

ಕ್ಲಬ್ಬಿನವರು ಹೇಳಿಕಳಿಸಿದರು: ಪಾಳುಬಿದ್ದ ದೋಣಿಗಳೆಲ್ಲ ಗುಜರಿಗೆ ಹೋಗುತ್ತವೆ, ಬೇಕಿದ್ದವರು ಸರಿಮಾಡಿಕೊಳ್ಳಿ. ನನಗೆ ಗುಜರಿಯೇ ಸರಿ ಎನಿಸಿತು. ಬ್ಯಾಂಕಿನ ಗುಮಾಸ್ತನಿಗೆ ದೋಣಿ ಯಾಕೆ ಎಂದು ಅವನಿದ್ದಾಗಲೇ ಕಾಡಿಸಿದವನು ನಾನು. ಅವ್ವ ಒಪ್ಪಲಿಲ್ಲ.

“ಅದರ ಮ್ಯಾಲೆ ಅವನ ಕೈ ಐತೋ. ಹ್ಯಾಂಗ ಬಿಡ್ಲಿ?”

ಅವಳು ಹೇಳಿದ್ದು ನಿಜವಾದ ಕೈಯ ಗುರುತು. ಅಣ್ಣನ ಕೊನೆಯ ಖಂಡೇನವಮಿಗೆ ಸ್ಕೂಟರು, ಹೊಲಿಗೆಯಂತ್ರದ ಜೊತೆ ದೋಣಿಗೂ ಪೂಜೆಯಾಗಿತ್ತು. ನೀರಿಗೆ ತೊಳೆದುಹೋಗಬಾರದೆಂದು ಅವ್ವ ಕುಂಕುಮವನ್ನು ಕುಸುಬಿ ಎಣ್ಣೆಯಲ್ಲಿ ಕಲಸಿಕೊಟ್ಟಿದ್ದಳು. ಎಣ್ಣೆ ಹಚ್ಚಿದರೆ ಕಲೆ ಒಳಗಿಳಿಯುತ್ತದೆ ಎಂದು ಕ್ಲಬ್ಬಿನ ಮಿಸ್ತ್ರಿ ಹಿಂದಿಯಲ್ಲಿ ಬಾಯಿ ಬಡಿದುಕೊಂಡ. ಅಣ್ಣ ನಕ್ಕು, ಅಂಗೈಗೆ ಬಳಿದುಕೊಂಡು ದೋಣಿಯ ಮೂತಿಗೆ ಒತ್ತಿದ. ಹಳೆಯ ದೋಣಿ, ಮೂಲದಲ್ಲಿ ಕೆಂಪಾಗಿದ್ದದ್ದು ಬಿಸಿಲಿಗೆ ಬೆಳ್ಳಗಾಗಿ, ಮೇಲ್ಪದರ ಸುಣ್ಣದ ಗೋಡೆಯಂತೆ ಪುಡಿಪುಡಿಯಾಗಿತ್ತು. ಅದು ಎಣ್ಣೆ ಕುಂಕುಮವನ್ನು ಹೀರಿಕೊಂಡಿತು. ಐದು ಬೆರಳೂ ಹಾಗೇ ಉಳಿದವು.

ನಾನು ರಜೆ ಹಾಕಿದೆ. ಬೇಗಂ ಬಜಾರಿನಿಂದ ಬನಿಯನ್ ಬಟ್ಟೆಯ ಚೂರುಗಳ ಗಂಟು ತಂದೆ. ಹೊರಡುವಾಗ ಅವ್ವ ಬಾಗಿಲಿಗೆ ಬಂದಳು.

“ಕೈ ಇದ್ದಲ್ಲಿ ಮುಟ್ಟಬ್ಯಾಡ.”

“ಹೂಂ ಬೇ, ಎಷ್ಟ ಸಲ ಹೇಳ್ತಿ?” ಎಂದು ರೇಗಿದೆ.

ಮಿಸ್ತ್ರಿ ಹೇಳಿಕೊಟ್ಟಂತೆ ಸೋಪುನೀರಿನಲ್ಲಿ ತೊಳೆದು, ಬಟ್ಟೆಗೆ ಮೇಲ್ಪದರ ಸವೆಸಿ ಹೊಳಪು ತರುವ ರಬ್ಬಿಂಗ್ ಕಾಂಪೌಂಡ್ ಹಚ್ಚಿಕೊಂಡು ಸುತ್ತುಸುತ್ತಾಗಿ ಉಜ್ಜಿದೆ. ಮೊದಲ ದಿನ ತೋಳು ಬಿದ್ದುಹೋಯಿತು. ಎರಡನೆಯ ದಿನ ಆ ಬಿಳುಪಿನ ಅಡಿಯಿಂದ ಕೆಂಪು ಎದ್ದಿತು. ಮೂರನೆಯ ದಿನ ನನಗೆ ಅದರ ಹುಚ್ಚೇ ಹಿಡಿಯಿತು. ಉಜ್ಜಿದಷ್ಟೂ ಕೆಂಪು, ಉಜ್ಜಿದಷ್ಟೂ ಹೊಳಪು. ಅಣ್ಣ ಭಾನುವಾರವೆಲ್ಲ ಇಲ್ಲೇಕೆ ಸಾಯುತ್ತಿದ್ದನೆಂದು ಮೊದಲ ಬಾರಿಗೆ ತಿಳಿಯಿತು, ಅವನಿಗೆ ಹೇಳಬೇಕೆನಿಸಿತು. ಹಾಗೆ ಉಜ್ಜುತ್ತ ಮೂತಿಗೆ ಬಂದವನು ನಿಲ್ಲಲಿಲ್ಲ. ಸುತ್ತಲಿನ ಕೆಂಪು ಬೆರಳುಗಳ ಕೆಂಪಿಗೆ ಸೇರಿಕೊಂಡಿತ್ತು. ಕೈ ಎಲ್ಲಿತ್ತೆಂದು ಹುಡುಕುವ ಹೊತ್ತಿಗೆ ಅಲ್ಲಿ ಏನೂ ಇರಲಿಲ್ಲ.

ಓಡಿಹೋಗಬೇಕೆನಿಸಿತು. ಅಷ್ಟರಲ್ಲಿ ಅವ್ವ ಡಬ್ಬಿಯಲ್ಲಿ ಊಟ ಹಿಡಿದುಕೊಂಡು ಆಟೋದಿಂದ ಇಳಿದಳು.

ದೋಣಿಯ ಸುತ್ತ ಎರಡು ಸಲ ತಿರುಗಿದಳು. ಮೂತಿಯ ಹತ್ತಿರ ನಿಂತು ಸವರಿದಳು. ನುಣುಪಿನ ಮೇಲೆ ಅವಳ ಬೆರಳು ಜಾರುತ್ತಿತ್ತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

“ಭಾಳ ಚಂದ ಮಾಡೀಯಪಾ,” ಎಂದಳು.

ಆಮೇಲೆ ನಾನು ಎಸೆದಿದ್ದ ಬಟ್ಟೆಗಳ ರಾಶಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ಒಂದೊಂದನ್ನೇ ಬಿಡಿಸಿ ನೋಡತೊಡಗಿದಳು. ಎಲ್ಲವೂ ದೋಣಿಯ ಬಣ್ಣ ಮೆತ್ತಿಕೊಂಡು ಕೆಂಪಾಗಿದ್ದವು.

“ಅವನ ಕೈ ಒರಿಸಿದ್ದು ಇದರಾಗ ಯಾವುದು?”

ಒಂದನ್ನು ತೋರಿಸಿದೆ. ಅವಳು ಅದನ್ನು ಮಡಚಿ ಸೆರಗಿನಲ್ಲಿ ಕಟ್ಟಿಕೊಂಡಳು. ದೋಣಿ ಗುಜರಿಗೆ ಹೋಗಲಿಲ್ಲ. ಆ ಬಟ್ಟೆ ನಮ್ಮ ದೇವರ ಮಾಡದಲ್ಲಿದೆ. ಖಂಡೇನವಮಿಗೆ ಅವ್ವ ಅದಕ್ಕೆ ಹೂ ಏರಿಸುತ್ತಾಳೆ. ಅದೇ ಹೌದೋ ಅಲ್ಲವೋ ನನಗೆ ಗೊತ್ತಿಲ್ಲ.