ದೋಣಿಗೆ ಬರೆದ ಸೆರಗು

ಮದುವೆಯಾಗಿ ಎಂಟು ತಿಂಗಳಾದರೂ ಮಾವ ನನ್ನ ಜೊತೆ ಒಂದು ಮಾತೂ ಆಡಿರಲಿಲ್ಲ. ಮಗ ತಾನೇ ಮೆಚ್ಚಿ ಕಟ್ಟಿಕೊಂಡು ಬಂದವಳು ನಾನು, ಕೊಳ್ಳೇಗಾಲದ ರೇಷ್ಮೆ ಮಗ್ಗದ ಮನೆಯವಳು. ಅವರದು ಕಾವೇರಿ ದಡದಲ್ಲಿ ಜನರನ್ನು ದೋಣಿಯಲ್ಲಿ ದಾಟಿಸುವ ಮನೆ. ನಾನು ಎದುರಿಗೇ ನಿಂತಿದ್ದರೂ ಅತ್ತೆಯ ಕಡೆ ತಿರುಗಿ, "ಒಂದ್ ಚೊಂಬು ನೀರ್ ಕೊಡಾಕೇಳು" ಅನ್ನುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಒಲೆ ಮುಂದೆ ಕೂತಾಗ ಅಳುವೂ ಬರುತ್ತಿತ್ತು.

ಆಯುಧಪೂಜೆಗೆ ದೋಣಿಯನ್ನು ದಡಕ್ಕೆಳೆದು, ತಳಕ್ಕೆ ಡಾಂಬರು ಬಳಿದು, ಮೇಲಕ್ಕೆ ಹಸಿರು ಬಣ್ಣ ಹೊಡೆಯುತ್ತಿದ್ದರು. ಆ ವರ್ಷ ನನ್ನ ಗಂಡ, "ಇವ್ಳು ಅಂಚು ಬರೀತಾಳೆ ಕಣಪ್ಪ" ಅಂದುಬಿಟ್ಟರು. ಮಾವ ಅತ್ತೆಗೆ ಹೇಳಿದರು: "ಬರೀಲಿ ಅಂತೇಳು."

ಮಧ್ಯಾಹ್ನ ಹೊಂಗೆ ನೆರಳಲ್ಲಿ ಹಳದಿ ಬಣ್ಣದ ಡಬ್ಬಿ ಇಟ್ಟುಕೊಂಡು ಕೂತೆ. ನೀರಿನ ಬೆಳಕು ಹಸಿರು ಹಲಗೆಯ ಮೇಲೆ ಅಲುಗಾಡುತ್ತಿತ್ತು. ಬಣ್ಣದ ವಾಸನೆಗೋ, ತಂಪು ಗಾಳಿಗೋ, ಕಣ್ಣು ಎಳೆಯುತ್ತಿತ್ತು. ಕುಂಚ ಮಾತ್ರ ನಿಲ್ಲಲಿಲ್ಲ. ಎರಡು ಪಕ್ಕಕ್ಕೂ ಜರಿ ಅಂಚು, ಅಂಚಿನ ಮೇಲೆ ಸಣ್ಣ ಸಣ್ಣ ಗೋಪುರ. ಹೊಳೆ ಎಲ್ಲಿ ಮುಗಿಯಿತು, ಅಪ್ಪನ ಮಗ್ಗ ಎಲ್ಲಿ ಶುರುವಾಯಿತು, ನನಗೆ ತಿಳಿಯಲಿಲ್ಲ. ಕೊನೆಗೆ ಒಂದು ತುದಿಗೆ ಬಂದು ಅಗಲವಾದ ಪಟ್ಟೆ, ಮಾವಿನಕಾಯಿ, ಕುಚ್ಚು, ಎಲ್ಲ ಬರೆದು ಕೈತೊಳೆದುಕೊಂಡೆ.

ಅತ್ತೆ ಬಂದು ನೋಡಿ ಎದೆ ಮೇಲೆ ಕೈಯಿಟ್ಟುಕೊಂಡರು. "ಅಯ್ಯೋ ನಿನ್ನ! ದೋಣಿಗೆ ಸೆರಗು ಬರ್ದಿದ್ದೀಯಲ್ಲೇ!"

ಆಗಲೇ ನನಗೆ ಎಚ್ಚರವಾದದ್ದು. ನಮ್ಮ ದೋಣಿಗೆ ಹಿಂದು ಮುಂದು ಅಂತ ಇರಲಿಲ್ಲ, ಎರಡು ತುದಿಯೂ ಒಂದೇ. ಆಚೆ ದಡ ಮುಟ್ಟಿದರೆ ಮಾವ ದೋಣಿ ತಿರುಗಿಸುತ್ತಿರಲಿಲ್ಲ. ತಾವೇ ಬಿದಿರು ಗಳ ಹಿಡಿದು ಆ ತುದಿಗೆ ನಡೆದು ನಿಲ್ಲುತ್ತಿದ್ದರು. ಈಗ ಹೋಗುವಾಗ ಸೆರಗು ಹಿಂದೆ ಬರುತ್ತಿತ್ತು, ವಾಪಸು ಬರುವಾಗ ಸೆರಗೇ ಮುಂದು.

ಪೂಜೆಯಾದ ಮೊದಲ ದಿನವೇ ದೋಣಿಯಲ್ಲಿದ್ದವರು ಬಿದ್ದು ಬಿದ್ದು ನಕ್ಕರು. "ಏನಣ್ಣ, ನಿನ್ ದೋಣಿ ಹಿಂದಿಂದಕ್ಕೆ ನಡೀತದಲ್ಲಾ!" ಮಾವ ಗಳ ಊರುತ್ತ ದಡಕ್ಕೆ ಬಂದರು. ನಾನು ದಡದಲ್ಲೇ ಭೂಮಿಗಿಳಿದುಹೋದೆ. ಇನ್ನು ಈ ಜನ್ಮದಲ್ಲಿ ಇವರು ನನ್ನನ್ನು ಮಾತಾಡಿಸುವುದಿಲ್ಲ ಅಂದುಕೊಂಡೆ.

ಮಾರನೆಯ ಬೆಳಿಗ್ಗೆ ಬಟ್ಟೆ ಒಗೆಯುತ್ತ ತಲೆಯೆತ್ತಿ ನೋಡಿದರೆ, ಆಚೆ ದಡದಲ್ಲಿ ಮಾವ ಗಳ ಊರಿ ಒದ್ದಾಡುತ್ತಿದ್ದರು. ಸೆಳವು ಎಳೆಯುತ್ತಿತ್ತು, ಜನ ಕಾಯುತ್ತಿದ್ದರು. ಅಷ್ಟು ದೊಡ್ಡ ದೋಣಿಯನ್ನು ಮೆಲ್ಲಗೆ ಅರ್ಧ ಸುತ್ತು ತಿರುಗಿಸಿ, ಸೆರಗನ್ನು ಹಿಂದಕ್ಕೆ ಮಾಡಿಕೊಂಡು ಈಚೆಗೆ ಬಂದರು. ಮುಂದಿನ ಸರತಿಯೂ ಹಾಗೇ, ಅದರ ಮುಂದಿನದೂ ಹಾಗೇ. ಸಂಜೆ ಮನೆಗೆ ಬಂದವರೇ ತೋಳು ನೀವಿಕೊಳ್ಳುತ್ತ ಕೂತರು.

ನನಗೆ ತಡೆಯಲಾಗಲಿಲ್ಲ. ಪಕ್ಕದಲ್ಲೇ ಇದ್ದ ಅತ್ತೆಯ ಕೈಲಿ ಹೇಳಿಸದೆ ನೇರ ಅವರ ಮುಂದೆ ಹೋಗಿ ನಿಂತೆ. "ಮಾವ, ಆ ತುದಿಗೂ ಒಂದು ಸೆರಗು ಬರೆದುಬಿಡ್ತೀನಿ. ಆಗ ತಿರುಗಿಸೋದು ತಪ್ಪುತ್ತೆ."

ಅವರು ಟವೆಲಿನಿಂದ ಕತ್ತು ಒರೆಸಿಕೊಂಡರು. ಅತ್ತೆಯ ಕಡೆ ತಿರುಗಲಿಲ್ಲ.

"ಎರಡು ಸೆರಗಿನ ಸೀರೆ ಎಲ್ಲಾರ ಉಂಟೇನವ್ವ?" ಅಂದರು. "ಬುಡು, ನಾನೇ ತಿರುಗುಸ್ಕತೀನಿ."